ಕರಗಿದರಷ್ಟೇ ಔಷಧಿ: ಆನೆಕಾಲು ಮಾತ್ರೆಯಿಂದ ಪಾಲಿಮರ್ ನ್ಯಾನೊಕಣದವರೆಗೆ

ಯಾದಗಿರಿ, ಶಹಾಪುರ, ಸುರಪುರ ಸೀಮೆಗೆ ಆನೆಕಾಲು ರೋಗ ಹಳೆಯ ಕಾಟ. ರಾಜ್ಯದಲ್ಲಿ ಈ ರೋಗ ಬೇರೂರಿದ ಜಿಲ್ಲೆಗಳ ಪಟ್ಟಿಯಲ್ಲಿ ಕಲಬುರಗಿ, ಬೀದರ, ರಾಯಚೂರು, ವಿಜಯಪುರ, ಬಾಗಲಕೋಟೆಗಳ ಜೊತೆಗೆ ಯಾದಗಿರಿಯೂ ಇದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು, ಎದುರಿಗೇ ನಿಂತು ಮಾತ್ರೆ ನುಂಗಿಸುವ ಸಾಮೂಹಿಕ ಔಷಧಿ ಸೇವನೆ ಇಲ್ಲಿನವರಿಗೆ ಹೊಸದಲ್ಲ. ಹಾಗೆ ಕೈಗೆ ಬರುವ ಮಾತ್ರೆಗಳು ಮೂರು ಬಗೆ: ಡಿಇಸಿ, ಅಲ್ಬೆಂಡಜೋಲ್, ಐವರ್ಮೆಕ್ಟಿನ್. ಡಿಇಸಿ ನೀರಿಗೆ ಬಿದ್ದ ಕೂಡಲೇ ಕರಗುತ್ತದೆ. ಉಳಿದೆರಡು ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ ಕರಗುತ್ತವೆ.

ರೋಗಿಯ ಪಾಲಿಗೆ ಈ ವ್ಯತ್ಯಾಸ ಸಣ್ಣದಲ್ಲ. ನುಂಗಿದ ಔಷಧಿ ಕರುಳಿನ ನೀರಿನಲ್ಲಿ ಕರಗಿದ ಮೇಲಷ್ಟೇ ಕರುಳಿನ ಗೋಡೆ ದಾಟಿ ರಕ್ತ ಸೇರಬಲ್ಲದು. ಕರಗದೆ ಉಳಿದದ್ದು ಮಲದೊಂದಿಗೆ ಹೊರಹೋಗುತ್ತದೆ. ಅಣು ಎಷ್ಟೇ ಸಮರ್ಥವಾಗಿದ್ದರೂ ಹುಳುವಿನ ಹತ್ತಿರ ಹೋಗದಿದ್ದರೆ ಅದರಿಂದ ಉಪಯೋಗವಿಲ್ಲ. ಕರಗದ ಔಷಧಿಯನ್ನು ದೇಹದೊಳಗೆ ದಾಟಿಸುವುದು ಹೇಗೆಂಬ ಪ್ರಶ್ನೆಗೆ ವಿಜ್ಞಾನಿಗಳು ಕಂಡುಕೊಂಡ ಉತ್ತರಗಳಲ್ಲಿ ಪಾಲಿಮರ್ ನ್ಯಾನೊಕಣ ಮುಖ್ಯವಾದದ್ದು. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ ಎಂಬುದನ್ನು ನಮ್ಮ ಕೈಗೆ ಬರುವ ಈ ಮಾತ್ರೆಗಳನ್ನೇ ಇಟ್ಟುಕೊಂಡು ನೋಡೋಣ.

ಯಾದಗಿರಿಯ ಹಳ್ಳಿಗಳಿಂದ ಬಂದ ಉತ್ತರ

ಈ ಭಾಗದ ಆನೆಕಾಲು ರೋಗಕ್ಕೆ ಕಾರಣ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ದಾರದಂಥ ಹುಳು. ಚರಂಡಿಯ ಕೊಳಕು ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹರಡುತ್ತದೆ. ಬೆಳೆದ ಹುಳುಗಳು ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಅವು ಹಾಕುವ ಮರಿಗಳು, ಅಂದರೆ ಮೈಕ್ರೊಫೈಲೇರಿಯಾಗಳು, ರಾತ್ರಿ ಹೊತ್ತು ರಕ್ತದಲ್ಲಿ ತಿರುಗುತ್ತವೆ. ಆರೋಗ್ಯ ಸಿಬ್ಬಂದಿ ರಾತ್ರಿ ಬಂದು ರಕ್ತದ ಮಾದರಿ ತೆಗೆದುಕೊಳ್ಳುವುದು ಈ ಕಾರಣಕ್ಕೆ.

ಬಹಳ ಕಾಲ ನಮ್ಮಲ್ಲಿ ಡಿಇಸಿ ಮತ್ತು ಅಲ್ಬೆಂಡಜೋಲ್ ಎರಡನ್ನು ಮಾತ್ರ ಕೊಡುತ್ತಿದ್ದರು. ಜೊತೆಗೆ ಐವರ್ಮೆಕ್ಟಿನ್ ಸೇರಿಸಿದರೆ ಸುರಕ್ಷಿತವೇ, ಹೆಚ್ಚು ಪರಿಣಾಮಕಾರಿಯೇ ಎಂದು ತಿಳಿಯಲು ಫಿಜಿ, ಹೈಟಿ, ಇಂಡೊನೇಷ್ಯಾ, ಪಾಪುವಾ ನ್ಯೂಗಿನಿ ಮತ್ತು ಭಾರತದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. 26,000ಕ್ಕೂ ಹೆಚ್ಚು ಜನ ಪಾಲ್ಗೊಂಡ ಇದರ ಸುರಕ್ಷತೆಯ ವರದಿ 2019ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಅಧ್ಯಯನ ನಡೆದದ್ದು ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದನ್ನು ನಡೆಸಿದರು. ಎಂಟು ಸಾವಿರಕ್ಕೂ ಹೆಚ್ಚು ಜನ ಮಾತ್ರೆ ನುಂಗಿದರು. ಒಂದು ವರ್ಷದ ನಂತರ ಮತ್ತೆ ರಕ್ತ ಪರೀಕ್ಷಿಸಿದಾಗ, ಎರಡು ಔಷಧಿ ಪಡೆದವರಿಗಿಂತ ಮೂರು ಔಷಧಿ ಪಡೆದವರಲ್ಲಿ ಹೆಚ್ಚು ಜನರ ರಕ್ತದಿಂದ ಮರಿಹುಳುಗಳು ಮಾಯವಾಗಿದ್ದವು. ಇಂದು ದೇಶದ ಬೇರೆ ಬೇರೆ ಜಿಲ್ಲೆಗಳಲ್ಲಿ ಮೂರು ಔಷಧಿಗಳ ಪದ್ಧತಿ ಜಾರಿಗೆ ಬಂದಿದ್ದರೆ ಅದರ ಹಿಂದೆ ಯಾದಗಿರಿಯ ಹಳ್ಳಿಗರು ಕೊಟ್ಟ ರಕ್ತವೂ ಸಮಯವೂ ಇದೆ. ಜಿಲ್ಲೆಯ ಜನ ಹೆಮ್ಮೆಪಡಬೇಕಾದ ಸಂಗತಿ ಇದು.

ಮೂರು ಮಾತ್ರೆ, ಮೂರು ಸ್ವಭಾವ

ಡಿಇಸಿಯನ್ನು 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ರೂಪಿಸಿದ ತಂಡದ ನೇತಾರ ಯಲ್ಲಾಪ್ರಗಡ ಸುಬ್ಬರಾವ್, ನೆರೆಯ ಆಂಧ್ರದ ಭೀಮಾವರಂನವರು. ಈ ಔಷಧಿಯ ಸಿಟ್ರೇಟ್ ಲವಣ ನೀರಿನಲ್ಲಿ ಎಷ್ಟು ಸಲೀಸಾಗಿ ಕರಗುತ್ತದೆಂದರೆ, ಚೀನಾದಲ್ಲಿ ಇದನ್ನು ಅಡುಗೆ ಉಪ್ಪಿಗೇ ಬೆರೆಸಿ ಊರಿಗೆ ಊರೇ ತಿನ್ನುವಂತೆ ಮಾಡಿದರು. ಇಂಥ ಔಷಧಿಯನ್ನು ದೇಹಕ್ಕೆ ಸೇರಿಸಲು ಯಾವ ಉಪಾಯವೂ ಬೇಕಿಲ್ಲ.

ಅಲ್ಬೆಂಡಜೋಲ್ ಕತೆ ಬೇರೆ. ಒಂದು ಲೀಟರ್ ಶುದ್ಧ ನೀರಿನಲ್ಲಿ ಇದು ಕರಗುವುದು ಹೆಚ್ಚೆಂದರೆ ಒಂದು ಮಿಲಿಗ್ರಾಂ ಆಸುಪಾಸು. ಒಂದು ಮಾತ್ರೆಯಲ್ಲಿರುವುದು 400 ಮಿಲಿಗ್ರಾಂ. ಅದಷ್ಟನ್ನೂ ಬರಿಯ ನೀರಿನಲ್ಲಿ ಕರಗಿಸಬೇಕಾದರೆ 200 ಲೀಟರಿನ ಎರಡು ಡ್ರಮ್ ತುಂಬ ನೀರು ಬೇಕಾದೀತು. ನಾವು ಮಾತ್ರೆಯ ಜೊತೆ ಕುಡಿಯುವುದು ಒಂದು ಲೋಟ. ಐವರ್ಮೆಕ್ಟಿನ್ ಕೂಡ ಲೀಟರಿಗೆ ಕೆಲವೇ ಮಿಲಿಗ್ರಾಂ ಕರಗುವಂಥದ್ದು. ಆದರೆ ಅದರ ಪ್ರಮಾಣ ಚಿಕ್ಕದು: ದೇಹದ ತೂಕದ ಕಿಲೋಗೆ 200 ಮೈಕ್ರೋಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 12 ಮಿಲಿಗ್ರಾಂ. ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ನ್ಯಾನೊಕಣದ ಲೆಕ್ಕ ಇದರ ಮೇಲೆಯೇ ನಿಲ್ಲುತ್ತದೆ.

ಔಷಧಿ ಕರಗದಿರಲು ಸಾಮಾನ್ಯವಾಗಿ ಎರಡು ಕಾರಣ. ಕೆಲವು ಔಷಧಿಗಳ ಅಣುಗಳು ಹರಳಿನೊಳಗೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸುವ ಶಕ್ತಿ ನೀರಿಗೆ ಇರುವುದಿಲ್ಲ. ಅಲ್ಬೆಂಡಜೋಲ್ ಇಂಥದ್ದು. ಅದು ಬಿಸಿಗೆ ಕರಗಿ ದ್ರವವಾಗಲು 200 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು ಎಂಬುದೇ ಆ ಹಿಡಿತದ ಗುರುತು. ಇನ್ನು ಕೆಲವು ಅಣುಗಳು ಎಣ್ಣೆಯನ್ನು ಒಪ್ಪುತ್ತವೆ, ನೀರನ್ನು ಒಲ್ಲವು. ಐವರ್ಮೆಕ್ಟಿನ್ ಈ ಜಾತಿಗೆ ಸೇರಿದ್ದು. ಕಾರಣ ಯಾವುದು ಎಂದು ಗೊತ್ತಾದರೆ ಪರಿಹಾರದ ದಾರಿಯೂ ಕಾಣುತ್ತದೆ.

1995ರಲ್ಲಿ ಗಾರ್ಡನ್ ಅಮಿಡಾನ್ ಮತ್ತು ಸಂಗಡಿಗರು ಔಷಧಿಗಳನ್ನು ನಾಲ್ಕು ವರ್ಗ ಮಾಡಿದರು. ನೀರಿನಲ್ಲಿ ಕರಗುತ್ತದೆಯೇ, ಕರುಳಿನ ಗೋಡೆ ದಾಟುತ್ತದೆಯೇ ಎಂಬ ಎರಡೇ ಪ್ರಶ್ನೆಗಳ ಮೇಲೆ ನಿಂತ ವರ್ಗೀಕರಣ ಇದು. ಗೋಡೆಯನ್ನು ಸುಲಭವಾಗಿ ದಾಟುವ, ಆದರೆ ನೀರಿನಲ್ಲಿ ಕರಗದ ಔಷಧಿಗಳು ಎರಡನೆಯ ವರ್ಗದವು. ಇಂಥವಕ್ಕೆ ಕರಗುವಿಕೆಯೊಂದನ್ನು ಸರಿಪಡಿಸಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ಮಾರುಕಟ್ಟೆಯಲ್ಲಿರುವ ಔಷಧಿಗಳಲ್ಲಿ ಸುಮಾರು ಶೇ 40ರಷ್ಟು ನೀರಿನಲ್ಲಿ ಸರಿಯಾಗಿ ಕರಗದವು ಎಂಬುದು ಈ ಕ್ಷೇತ್ರದವರು ಮತ್ತೆ ಮತ್ತೆ ಹೇಳುವ ಅಂದಾಜು. ಸಮಸ್ಯೆ ಆನೆಕಾಲು ಮಾತ್ರೆಗೆ ಮಾತ್ರ ಸೀಮಿತವಲ್ಲ.

ನುಂಗಿದ ಮೇಲೆ ನಡೆಯುವುದು

ಅಲ್ಬೆಂಡಜೋಲ್ ಮಾತ್ರೆ ಹೊಟ್ಟೆಗೆ ಇಳಿದಾಗ ಜಠರದ ಆಮ್ಲದಲ್ಲಿ ಸ್ವಲ್ಪ ಕರಗುತ್ತದೆ. ಮುಂದೆ ಆಮ್ಲವಿಲ್ಲದ ಸಣ್ಣಕರುಳಿಗೆ ಬಂದಾಗ ಕರಗಿದ್ದರಲ್ಲಿ ಒಂದಷ್ಟು ಮತ್ತೆ ಹರಳುಗಟ್ಟುತ್ತದೆ. ಹೀಗಾಗಿ ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದು ಶೇ 5ಕ್ಕಿಂತ ಕಡಿಮೆ. ಸೇರಿದಷ್ಟು ಯಕೃತ್ತಿಗೆ ಹೋಗಿ ಅಲ್ಬೆಂಡಜೋಲ್ ಸಲ್ಫಾಕ್ಸೈಡ್ ಆಗಿ ಬದಲಾಗುತ್ತದೆ. ಮೈಯೊಳಗಿನ ಹುಳುಗಳ ಮೇಲೆ ಕೆಲಸ ಮಾಡುವುದು ಅದೇ.

ಶಾಲೆಯ ಮಕ್ಕಳಿಗೆ ಜಂತುಹುಳುವಿಗೆಂದು ಕೊಡುವ ಮಾತ್ರೆಯೂ ಇದೇ ಅಲ್ಬೆಂಡಜೋಲ್. ಅಲ್ಲಿ ಹುಳು ಇರುವುದು ಕರುಳಿನಲ್ಲಿಯೇ. ಔಷಧಿ ಕರಗಿ ರಕ್ತಕ್ಕೆ ಹೋಗದೆ ಕರುಳಿನಲ್ಲಿ ಉಳಿದರೆ ಅಲ್ಲಿ ಒಳ್ಳೆಯದೇ. ಆನೆಕಾಲಿನ ಹುಳು ಇರುವುದು ದುಗ್ಧನಾಳದಲ್ಲಿ, ಮರಿಗಳಿರುವುದು ರಕ್ತದಲ್ಲಿ. ಇಲ್ಲಿ ಔಷಧಿ ಕರುಳನ್ನು ದಾಟಲೇಬೇಕು. ಒಂದೇ ಮಾತ್ರೆ, ಒಂದೇ ಪ್ರಮಾಣ. ಆದರೂ ಒಂದು ರೋಗದಲ್ಲಿ ಅನುಕೂಲವಾದ ಗುಣ ಇನ್ನೊಂದರಲ್ಲಿ ಅಡ್ಡಿಯಾಗುತ್ತದೆ.

ಊಟ ಮಾಡಿಕೊಡುವ ಸಹಾಯ

ಕರಗದ ಔಷಧಿಗೆ ಎಲ್ಲಕ್ಕಿಂತ ಹಳೆಯ, ಅಗ್ಗದ ಉಪಾಯ ಊಟ. ಕೊಬ್ಬಿನಂಶವುಳ್ಳ ಊಟ ಹೊಟ್ಟೆ ಸೇರಿದಾಗ ಪಿತ್ತಕೋಶ ಹಿಂಡಿ ಪಿತ್ತರಸ ಹರಿಯುತ್ತದೆ. ಪಿತ್ತದ ಲವಣಗಳು ಮತ್ತು ಜೀರ್ಣಗೊಂಡ ಕೊಬ್ಬು ಸೇರಿ ಕಣ್ಣಿಗೆ ಕಾಣದ ಪುಟ್ಟ ಗುಳ್ಳೆಗಳಾಗುತ್ತವೆ. ಅವುಗಳ ಹೊರಮೈ ನೀರಿಗೆ ಒಗ್ಗುತ್ತದೆ, ಒಳಭಾಗ ಎಣ್ಣೆಗೆ ಒಗ್ಗುತ್ತದೆ. ನೀರೊಲ್ಲದ ಔಷಧಿ ಆ ಒಳಭಾಗ ಸೇರಿ ಕರುಳಿನ ಗೋಡೆಯವರೆಗೆ ಸಾಗುತ್ತದೆ. ಸುಮಾರು 40 ಗ್ರಾಂ ಕೊಬ್ಬಿರುವ ಊಟದೊಂದಿಗೆ ಅಲ್ಬೆಂಡಜೋಲ್ ತೆಗೆದುಕೊಂಡರೆ ಅದರ ಸಕ್ರಿಯ ರೂಪದ ಮಟ್ಟ ರಕ್ತದಲ್ಲಿ ಐದು ಪಟ್ಟಿನವರೆಗೆ ಏರುತ್ತದೆ. ಐವರ್ಮೆಕ್ಟಿನ್ ಎರಡೂವರೆ ಪಟ್ಟಿನಷ್ಟು ಹೆಚ್ಚು ಹೀರಿಕೆಯಾಗುತ್ತದೆ.

ಸಾಮೂಹಿಕ ಔಷಧಿ ಸೇವನೆಯ ದಿನ ಖಾಲಿ ಹೊಟ್ಟೆಯಲ್ಲಿ ಮಾತ್ರೆ ಬೇಡ ಎಂದು ಆರೋಗ್ಯ ಕಾರ್ಯಕರ್ತೆಯರು ಹೇಳುವುದಕ್ಕೆ ವಾಕರಿಕೆ, ತಲೆಸುತ್ತು ಕಡಿಮೆಯಾಗಲಿ ಎಂಬ ಕಾರಣ ಮೊದಲನೆಯದು. ಹೀರಿಕೆ ಚೆನ್ನಾಗಿ ಆಗುತ್ತದೆ ಎಂಬುದು ಅದರ ಜೊತೆಗೇ ಸಿಗುವ ಲಾಭ. ಇದಕ್ಕಾಗಿ ವಿಶೇಷ ಅಡುಗೆ ಬೇಕಿಲ್ಲ. ಶೇಂಗಾ ಹಿಂಡಿ, ಎಣ್ಣೆ, ಪಲ್ಯದ ಜೊತೆ ರೊಟ್ಟಿ ಉಂಡ ಎಂದಿನ ಊಟ ಸಾಕು. ಬೇಕೆಂದೇ ಎಣ್ಣೆ, ತುಪ್ಪ ಹೆಚ್ಚಿಗೆ ತಿನ್ನಬೇಕಿಲ್ಲ.

ಆದರೆ ಊಟ ಎಲ್ಲರದೂ ಒಂದೇ ಅಲ್ಲ. ಹೊಲದಿಂದ ಹಸಿದು ಬಂದ ಕೂಲಿಯ ಹೊಟ್ಟೆಗೂ ಹಬ್ಬದೂಟ ಉಂಡವರ ಹೊಟ್ಟೆಗೂ ಔಷಧಿ ಒಂದೇ ರೀತಿ ಒದಗುವುದಿಲ್ಲ. ಉಳ್ಳವರು, ಇಲ್ಲದವರು ಎನ್ನದೆ ಪ್ರತಿಯೊಬ್ಬರ ರಕ್ತಕ್ಕೂ ಒಂದೇ ಮಟ್ಟದಲ್ಲಿ ಔಷಧಿ ಸೇರಬೇಕಾದರೆ, ಕರಗುವ ಗುಣವನ್ನು ಮಾತ್ರೆಯೊಳಗೇ ಇಡಬೇಕು. ನ್ಯಾನೊಕಣದ ಕೆಲಸ ಬಡವರ ಪಾಲಿಗೆ ಮುಖ್ಯವಾಗುವುದು ಇಲ್ಲಿ.

ಕಣ ಸಣ್ಣದಾದಷ್ಟೂ

ಇಡೀ ಜೋಳ ಬೇಯಲು ಬಹಳ ಹೊತ್ತು ಬೇಕು. ಅದೇ ಜೋಳದ ಹಿಟ್ಟು ಕುದಿಯುವ ನೀರಿಗೆ ಬಿದ್ದರೆ ಕ್ಷಣದಲ್ಲಿ ಬೇಯುತ್ತದೆ. ನೀರಿಗೆ ತಾಗುವ ಮೈ ಹೆಚ್ಚಾದದ್ದೇ ಇದಕ್ಕೆ ಕಾರಣ. ಘನವಸ್ತು ಕರಗುವ ವೇಗಕ್ಕೆ 1897ರಷ್ಟು ಹಿಂದೆಯೇ ಸೂತ್ರ ಬರೆದವರು ಆರ್ಥರ್ ನಾಯ್ಸ್ ಮತ್ತು ವಿಲ್ಲಿಸ್ ವಿಟ್ನಿ. ಕರಗುವ ವೇಗ ನೀರಿಗೆ ತೆರೆದುಕೊಂಡ ಮೇಲ್ಮೈಯನ್ನೂ ಅವಲಂಬಿಸಿದೆ ಎಂಬುದು ಆ ಸೂತ್ರಕ್ಕೆ ಆಮೇಲೆ ಸೇರಿತು.

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಪ್ರತಿ ಬದಿಯೂ 100 ಮೈಕ್ರೊಮೀಟರ್ ಇರುವ ಔಷಧಿಯ ಹರಳೊಂದನ್ನು 100 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದಿರಿ ಎನ್ನಿ. ಒಂದು ಹರಳು 100 ಕೋಟಿ ಕಣಗಳಾಗುತ್ತದೆ. ಔಷಧಿಯ ತೂಕ ಅಷ್ಟೇ ಇರುತ್ತದೆ, ಮೇಲ್ಮೈ ಸಾವಿರ ಪಟ್ಟು ಹೆಚ್ಚುತ್ತದೆ. 200 ನ್ಯಾನೊಮೀಟರಿನ ಕಣ ನಮ್ಮ ಕೆಂಪು ರಕ್ತಕಣಕ್ಕಿಂತ ಮೂವತ್ತಕ್ಕೂ ಹೆಚ್ಚು ಪಟ್ಟು ಸಣ್ಣದು.

ಔಷಧಿಯನ್ನು ಹೀಗೆ ನುಣ್ಣಗೆ ಅರೆದು ಇಟ್ಟರೆ ಸಾಲದು. ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಮತ್ತೆ ಗಂಟಾಗುತ್ತವೆ. ಕರಗಿದ ಅಣುಗಳು ಮತ್ತೆ ಹರಳಾಗಲು ನೋಡುತ್ತವೆ. ಅವನ್ನು ಬಿಡಿಬಿಡಿಯಾಗಿ ಹಿಡಿದಿಡಲು, ದೇಹದಲ್ಲಿ ಬೇಕಾದ ಕಡೆ, ಬೇಕಾದ ವೇಗದಲ್ಲಿ ಬಿಡಲು ಒಂದು ಆಶ್ರಯ ಬೇಕು. ಆ ಆಶ್ರಯವೇ ಪಾಲಿಮರ್.

ಪಾಲಿಮರ್ ಬರೀ ಪ್ಲಾಸ್ಟಿಕ್ ಅಲ್ಲ

ಪಾಲಿಮರ್ ಎಂದೊಡನೆ ಪ್ಲಾಸ್ಟಿಕ್ ಚೀಲ ಕಣ್ಣ ಮುಂದೆ ಬರುವುದು ಸಹಜ. ಆದರೆ ಒಂದೋ ಕೆಲವೋ ಬಗೆಯ ಸಣ್ಣ ಅಣುಗಳು ಸರಪಳಿಯಾಗಿ ಬೆಸೆದುಕೊಂಡಿದ್ದರೆ ಅದು ಪಾಲಿಮರ್. ಶಹಾಪುರದ ಜಿನ್ನಿಂಗ್ ಮಿಲ್ಲುಗಳಿಗೆ ಹೋಗುವ ಹತ್ತಿಯ ಎಳೆಯಲ್ಲಿರುವ ಸೆಲ್ಯುಲೋಸ್ ಪಾಲಿಮರ್. ಹತ್ತಿಬೀಜದ ಮೇಲಿನ ಗಿಡ್ಡ ಎಳೆಗಳಿಂದಲೂ ಮರದ ತಿರುಳಿನಿಂದಲೂ ತೆಗೆದ ಸೆಲ್ಯುಲೋಸನ್ನು ರಾಸಾಯನಿಕವಾಗಿ ಬದಲಿಸಿ ಮಾತ್ರೆಗಳಿಗೆ ಬಳಸುವ ಎಚ್‌ಪಿಎಂಸಿ ಮುಂತಾದವನ್ನು ತಯಾರಿಸುತ್ತಾರೆ. ಸೀಗಡಿ, ಏಡಿಗಳ ಚಿಪ್ಪಿನಿಂದ ಬರುವ ಕೈಟೊಸಾನ್, ಕಡಲಪಾಚಿಯ ಆಲ್ಜಿನೇಟ್, ರಕ್ತದ ಪ್ರೋಟೀನಾದ ಆಲ್ಬುಮಿನ್ ಇವೂ ಔಷಧಿಯ ಕೆಲಸಕ್ಕೆ ಬರುತ್ತವೆ.

ಪ್ರಯೋಗಾಲಯದಲ್ಲಿ ತಯಾರಾಗುವ ಪಾಲಿಮರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪಿಎಲ್‌ಜಿಎ. ಇದು ಲ್ಯಾಕ್ಟಿಕ್ ಆಮ್ಲ ಮತ್ತು ಗ್ಲೈಕಾಲಿಕ್ ಆಮ್ಲಗಳ ಸರಪಳಿ. ದೇಹದೊಳಗಿನ ನೀರು ಈ ಸರಪಳಿಯನ್ನು ನಿಧಾನವಾಗಿ ಕಡಿಯುತ್ತದೆ. ಉಳಿಯುವ ಆಮ್ಲಗಳನ್ನು ದೇಹವೇ ಅರಗಿಸಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಹಾಕುವ, ತಾನಾಗಿಯೇ ಕರಗುವ ಹೊಲಿಗೆಯ ದಾರವನ್ನು ಇದೇ ಕುಟುಂಬದ ಪಾಲಿಮರಿನಿಂದ 1970ರ ದಶಕದಿಂದ ತಯಾರಿಸುತ್ತಿದ್ದಾರೆ. ಹೊಲಿಗೆ ಬಿಚ್ಚಿಸುವ ಕೆಲಸವಿಲ್ಲದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಎಷ್ಟೋ ಜನರ ದೇಹ ಈ ಬಗೆಯ ಪಾಲಿಮರನ್ನು ಅರಗಿಸಿಕೊಂಡಿದೆ.

ನ್ಯಾನೊಕಣ ತಯಾರಾಗುವ ಬಗೆ

ಇದಕ್ಕೆ ಹಲವು ವಿಧಾನಗಳಿವೆ. ಎಲ್ಲಕ್ಕಿಂತ ಸರಳವಾದ ವಿಧಾನವನ್ನು ಫ್ರಾನ್ಸಿನ ಹತೆಮ್ ಫೆಸ್ಸಿ ಮತ್ತು ಸಂಗಡಿಗರು 1989ರಲ್ಲಿ ವಿವರಿಸಿದರು. ಫಾರ್ಮಸಿ ಕಾಲೇಜಿನ ಸ್ನಾತಕೋತ್ತರ ಪ್ರಯೋಗಾಲಯದಲ್ಲಿ ಮಾಡಬಹುದಾದಷ್ಟು ಸರಳ ಇದು. ಹಂತಗಳು ಹೀಗಿವೆ.

ಮೊದಲು ಔಷಧಿ ಮತ್ತು ಪಿಎಲ್‌ಜಿಎ ಎರಡನ್ನೂ ಅಸಿಟೋನ್‌ನಂಥ ದ್ರಾವಕದಲ್ಲಿ ಕರಗಿಸಬೇಕು. ಅಸಿಟೋನ್ ನೀರಿನೊಂದಿಗೂ ಬೆರೆಯುತ್ತದೆ ಎಂಬುದು ಇಲ್ಲಿ ಮುಖ್ಯ.

ಎರಡನೆಯದಾಗಿ, ಪಾಲಿವಿನೈಲ್ ಆಲ್ಕೊಹಾಲ್ ಅಥವಾ ಪೊಲಾಕ್ಸಮರ್ ಎಂಬ ಸ್ಥಿರಕಾರಕವನ್ನು ಬೆರೆಸಿದ ನೀರನ್ನು ಒಂದೇ ಸಮನೆ ತಿರುಗಿಸುತ್ತಾ, ಆ ಅಸಿಟೋನ್ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಹನಿ ನೀರಿಗೆ ಬಿದ್ದ ಕೂಡಲೇ ಅಸಿಟೋನ್ ನೀರಿನೊಳಗೆ ಹರಡಿಹೋಗುತ್ತದೆ. ನೀರೊಲ್ಲದ ಪಾಲಿಮರ್ ಮತ್ತು ಔಷಧಿ ಆಸರೆ ತಪ್ಪಿ ಪುಟ್ಟ ಕಣಗಳಾಗಿ ಮುದುಡಿಕೊಳ್ಳುತ್ತವೆ. ಸ್ಥಿರಕಾರಕ ಪ್ರತಿ ಕಣದ ಸುತ್ತ ಪದರವಾಗಿ ನಿಂತು ಅವು ಅಂಟದಂತೆ ತಡೆಯುತ್ತದೆ. ನೀರು ಹಾಲಿನ ಹಾಗೆ ಮಬ್ಬಾದರೆ ಕಣಗಳು ಹುಟ್ಟಿವೆ ಎಂದರ್ಥ.

ಮೂರನೆಯದಾಗಿ, ತಿರುಗಿಸುತ್ತಲೇ ಇದ್ದು ಅಸಿಟೋನ್ ಆವಿಯಾಗಿ ಹೋಗುವಂತೆ ಮಾಡಬೇಕು. ನಂತರ ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್‌ನಲ್ಲಿ ಕಣಗಳನ್ನು ಬೇರ್ಪಡಿಸಿ ತೊಳೆದು, ಟ್ರೆಹಲೋಸ್‌ನಂಥ ಸಕ್ಕರೆ ಬೆರೆಸಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸುತ್ತಾರೆ. ಸಿಗುವ ಹಗುರ ಪುಡಿಯನ್ನು ಕ್ಯಾಪ್ಸೂಲಿಗೆ ತುಂಬಬಹುದು ಅಥವಾ ನೀರಿನಲ್ಲಿ ಕಲಕಬಹುದು.

ಆಮೇಲೆ ಪರೀಕ್ಷೆಗಳು. ಬೆಳಕು ಚದುರುವ ರೀತಿ ನೋಡಿ ಕಣದ ಗಾತ್ರವನ್ನೂ, ಎಲ್ಲ ಕಣಗಳೂ ಒಂದೇ ಗಾತ್ರದವೇ ಎಂಬುದನ್ನೂ ಅಳೆಯುತ್ತಾರೆ. ಕಣದ ಮೇಲ್ಮೈಯ ವಿದ್ಯುತ್ ಆವೇಶ ಅಳೆದು ಅವು ಅಂಟದೆ ಉಳಿಯುತ್ತವೆಯೇ ಎಂದು ಅಂದಾಜಿಸುತ್ತಾರೆ. ಹಾಕಿದ ಔಷಧಿಯಲ್ಲಿ ಎಷ್ಟು ಕಣದೊಳಗೆ ಸೇರಿತು, ಕಣದ ತೂಕದಲ್ಲಿ ಔಷಧಿಯ ಪಾಲೆಷ್ಟು, 37 ಡಿಗ್ರಿ ಉಷ್ಣತೆಯಲ್ಲಿ ಎಷ್ಟು ಗಂಟೆಗೆ ಎಷ್ಟು ಹೊರಬರುತ್ತದೆ ಎಂಬುದನ್ನು ದಾಖಲಿಸುತ್ತಾರೆ. ಇವುಗಳಲ್ಲಿ ಒಂದನ್ನು ಬಿಟ್ಟರೂ ಆ ಪುಡಿಯನ್ನು ಔಷಧಿ ಎನ್ನಲಾಗದು.

ತೂಕದ ಲೆಕ್ಕ

ಈಗ ಮೊದಲಿನ ಅಂಕಿಗಳಿಗೆ ಬರೋಣ. ಪಿಎಲ್‌ಜಿಎ ಕಣಗಳಲ್ಲಿ ಔಷಧಿಯ ಪಾಲು ಹಲವು ಸಲ ಶೇ 10 ಅಥವಾ ಅದಕ್ಕೂ ಕಡಿಮೆ. ಉಳಿದದ್ದು ಪಾಲಿಮರ್. ಶೇ 10 ಎಂದೇ ಇಟ್ಟುಕೊಂಡರೆ, 12 ಮಿಲಿಗ್ರಾಂ ಐವರ್ಮೆಕ್ಟಿನ್‌ಗೆ 120 ಮಿಲಿಗ್ರಾಂ ಕಣಗಳು ಬೇಕು. ಒಂದು ಸಣ್ಣ ಕ್ಯಾಪ್ಸೂಲಿನಲ್ಲಿ ಅದು ಹಿಡಿಯುತ್ತದೆ. 400 ಮಿಲಿಗ್ರಾಂ ಅಲ್ಬೆಂಡಜೋಲ್‌ಗೆ ಬೇಕಾಗುವುದು 4 ಗ್ರಾಂ ಕಣ. ಅಷ್ಟನ್ನು ನುಂಗಿಸುವುದೂ ಕಷ್ಟ, ಅಷ್ಟು ಪಾಲಿಮರಿನ ಬೆಲೆ ತೆರುವುದೂ ಕಷ್ಟ. ಹೀರಿಕೆ ಹೆಚ್ಚಿದರೆ ಪ್ರಮಾಣವನ್ನು ಇಳಿಸಬಹುದು ಎಂಬುದು ನಿಜ. ಆದರೂ ದೊಡ್ಡ ಪ್ರಮಾಣದ ಔಷಧಿಗಿಂತ ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುವ ಔಷಧಿಗೇ ಪಾಲಿಮರ್ ನ್ಯಾನೊಕಣ ಚೆನ್ನಾಗಿ ಒಪ್ಪುತ್ತದೆ.

ಅಲ್ಬೆಂಡಜೋಲ್‌ನಂಥವಕ್ಕೆ ಬೇರೆ ದಾರಿಗಳು ಹೆಚ್ಚು ಒಗ್ಗುತ್ತವೆ. ಪಾಲಿಮರಿನ ತೆಳು ಪದರ ಮಾತ್ರ ಇರುವಂತೆ ಔಷಧಿಯನ್ನೇ ಅರೆದು ನ್ಯಾನೊಹರಳು ಮಾಡುವುದು ಒಂದು. ಪಾಲಿಮರಿನೊಳಗೆ ಔಷಧಿಯ ಅಣುಗಳನ್ನು ಹರಳಾಗದಂತೆ ಬಿಡಿಬಿಡಿಯಾಗಿ ಹರಡಿಬಿಡುವುದು ಇನ್ನೊಂದು. ಹರಳಿನ ಬಿಗಿ ಹಿಡಿತವೇ ಅದರ ತೊಡಕಾದ್ದರಿಂದ ಹರಳನ್ನೇ ಇಲ್ಲವಾಗಿಸುವುದು ಸರಿಯಾದ ಮದ್ದು.

ಹುಳುವಿರುವ ಜಾಗಕ್ಕೆ

ಆನೆಕಾಲು ರೋಗದಲ್ಲಿ ನ್ಯಾನೊಕಣದ ಮೇಲೆ ಸಂಶೋಧಕರು ಆಸೆ ಇಟ್ಟುಕೊಂಡಿರಲು ಇನ್ನೊಂದು ಕಾರಣವಿದೆ. ಚರ್ಮದ ಕೆಳಗೆ ಸೇರಿದ ಕಣಗಳಲ್ಲಿ ತೀರಾ ಚಿಕ್ಕವು ನೇರ ರಕ್ತನಾಳ ಸೇರುತ್ತವೆ. ದೊಡ್ಡವು ಅಲ್ಲೇ ಉಳಿಯುತ್ತವೆ. ಸುಮಾರು 10ರಿಂದ 100 ನ್ಯಾನೊಮೀಟರ್ ಗಾತ್ರದವು ದುಗ್ಧನಾಳದ ದಾರಿ ಹಿಡಿಯುತ್ತವೆ. ಬೆಳೆದ ಹುಳುಗಳ ಮನೆ ಅದೇ. ಇಂದಿನ ಮಾತ್ರೆಗಳು ಮರಿಗಳನ್ನು ಚೆನ್ನಾಗಿ ಕೊಲ್ಲುತ್ತವೆ, ಬೆಳೆದ ಹುಳುಗಳ ಮೇಲೆ ಅವುಗಳ ಪರಿಣಾಮ ಪೂರ್ತಿಯಲ್ಲ. ಅದಕ್ಕಾಗಿ ವರ್ಷ ವರ್ಷವೂ ಮಾತ್ರೆ ಕೊಡಬೇಕಾಗುತ್ತದೆ.

ಭಾರತದ ಸಂಶೋಧಕರು ಪಿಎಲ್‌ಜಿಎ ಕಣದೊಳಗೆ ಐವರ್ಮೆಕ್ಟಿನ್ ತುಂಬಿ, ಬ್ರೂಗಿಯಾ ಎಂಬ ಇನ್ನೊಂದು ಬಗೆಯ ಆನೆಕಾಲು ಹುಳು ಹೊತ್ತ ದಂಶಕಗಳಿಗೆ ಕೊಟ್ಟು ನೋಡಿದರು. ಬರಿಯ ಐವರ್ಮೆಕ್ಟಿನ್‌ಗಿಂತ ಅದು ಹೆಚ್ಚು ಪರಿಣಾಮ ತೋರಿತು. ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯದ ತಂಡ 2015ರಲ್ಲಿ, ಪಾಲಿಅನ್‌ಹೈಡ್ರೈಡ್ ಕಣದಲ್ಲಿ ಡಾಕ್ಸಿಸೈಕ್ಲಿನ್ ಮತ್ತು ಐವರ್ಮೆಕ್ಟಿನ್ ಎರಡನ್ನೂ ಒಟ್ಟಿಗೆ ತುಂಬಿದರೆ ಬಹಳ ಕಡಿಮೆ ಔಷಧಿಯಿಂದಲೇ ಪ್ರಯೋಗಾಲಯದ ಹುಳುಗಳು ಸಾಯುತ್ತವೆ ಎಂದು ತೋರಿಸಿತು. ಇವು ಪ್ರಾಣಿಗಳ ಮೇಲೆ, ಗಾಜಿನ ತಟ್ಟೆಯಲ್ಲಿ ಸಿಕ್ಕ ಫಲಿತಾಂಶಗಳು. ಮನುಷ್ಯರಿಗೆ ಕೊಡುವ ಮೊದಲು ಸುರಕ್ಷತೆಯ ದೀರ್ಘ ಪರೀಕ್ಷೆ ಬಾಕಿ ಇದೆ. ಮೈಯಲ್ಲಿ ಹುಳುಗಳು ಒಮ್ಮೆಲೇ ಸತ್ತರೆ ಜ್ವರ, ನೋವು ಬರುವುದುಂಟು. ಹೆಚ್ಚು ಬಲದ ಔಷಧಿ ಎಂದರೆ ಹೆಚ್ಚಿನ ಎಚ್ಚರವೂ ಬೇಕು.

ಆಸ್ಪತ್ರೆ ಮತ್ತು ಅಂಗಡಿಗೆ ಬಂದಿರುವ ರೂಪಗಳು

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈ ತಂತ್ರ ಎಂದೋ ಬಳಕೆಗೆ ಬಂದಿದೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗದ ಔಷಧಿ. ಅದನ್ನು ರಕ್ತನಾಳಕ್ಕೆ ಕೊಡಲು ಔಡಲ ಎಣ್ಣೆಯಿಂದ ತಯಾರಿಸಿದ ಕ್ರೆಮಫೋರ್ ಎಂಬ ದ್ರಾವಕ ಮತ್ತು ಆಲ್ಕೊಹಾಲ್‌ನಲ್ಲಿ ಕರಗಿಸುತ್ತಾರೆ. ಆ ದ್ರಾವಕವೇ ಕೆಲವರಲ್ಲಿ ತೀವ್ರ ಅಲರ್ಜಿ ತರುವುದರಿಂದ ಮೊದಲೇ ಸ್ಟೆರಾಯ್ಡ್ ಕೊಟ್ಟು, ಸಾಮಾನ್ಯವಾಗಿ ಮೂರು ಗಂಟೆ ಹೊತ್ತು ನಿಧಾನವಾಗಿ ಏರಿಸಬೇಕಾಗುತ್ತದೆ.

2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಬ್ರಾಕ್ಸೇನ್‌ನಲ್ಲಿ ಇದೇ ಔಷಧಿಯನ್ನು ಆಲ್ಬುಮಿನ್ ಜೊತೆ ಸುಮಾರು 130 ನ್ಯಾನೊಮೀಟರ್ ಕಣಗಳಾಗಿ ಮಾಡಿದ್ದಾರೆ. ಕ್ರೆಮಫೋರ್ ಬೇಡ, ಏರಿಸಲು ಅರ್ಧ ಗಂಟೆ ಸಾಕು. 2008ರಲ್ಲಿ ಬೆಂಗಳೂರಿನ ಬಯೋಕಾನ್ ಇದನ್ನು ಭಾರತದ ಮಾರುಕಟ್ಟೆಗೆ ತಂದಿತು. ಅದಕ್ಕೂ ಮೊದಲೇ, ದೆಹಲಿ ವಿಶ್ವವಿದ್ಯಾಲಯದ ಅಮರನಾಥ ಮೈತ್ರ ಅವರ ಪ್ರಯೋಗಾಲಯದ ಸಂಶೋಧನೆಯ ಮೇಲೆ ಡಾಬರ್ ಫಾರ್ಮಾ ರೂಪಿಸಿದ ನ್ಯಾನೊಕ್ಸೆಲ್ ಬಂದಿತ್ತು. ಅದು ಪಾಲಿಮರ್ ಆಧಾರಿತ, ನಮ್ಮ ದೇಶದಲ್ಲೇ ಹುಟ್ಟಿದ ನ್ಯಾನೊ ಔಷಧಿ. ಯಾದಗಿರಿ ಕಡೆಯಿಂದ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಬೆಂಗಳೂರಿಗೋ ಚಿಕಿತ್ಸೆಗೆ ಹೋಗುವ ಕುಟುಂಬಗಳು ಈ ಬಗೆಗಳ ವ್ಯತ್ಯಾಸವನ್ನೂ ಬೆಲೆಯನ್ನೂ ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಬಹುದು.

ಊರಿನ ಔಷಧಿ ಅಂಗಡಿಯಲ್ಲೇ ಸಿಗುವ ಉದಾಹರಣೆಯೂ ಇದೆ. ಹುಳುಕಡ್ಡಿಗೆ ವೈದ್ಯರು ಬರೆಯುವ ಇಟ್ರಾಕೊನಜೋಲ್ ನೀರಿನಲ್ಲಿ ಕರಗದ ಔಷಧಿ. ಅದರ ಕ್ಯಾಪ್ಸೂಲ್ ಬಿಚ್ಚಿದರೆ ಕಾಣುವ ಪುಟ್ಟ ಗುಂಡುಗಳ ಮೇಲೆ ಔಷಧಿಯನ್ನು ಎಚ್‌ಪಿಎಂಸಿ ಪಾಲಿಮರಿನಲ್ಲಿ ಹರಡಿ ಲೇಪಿಸಿರುತ್ತಾರೆ. ಇದು ನ್ಯಾನೊಕಣವಲ್ಲ, ಆದರೆ ಪಾಲಿಮರಿನ ಆಸರೆಯಲ್ಲಿ ಹರಳಾಗದಂತೆ ತಡೆಯುವ ತತ್ವ ಇದೇ. ಈ ಸಾಮಾನ್ಯ ಕ್ಯಾಪ್ಸೂಲನ್ನು ಪೂರ್ತಿ ಊಟವಾದ ಮೇಲೆ ತೆಗೆದುಕೊಳ್ಳಬೇಕು. ಅದು ಕರಗಲು ಜಠರದ ಆಮ್ಲ ಬೇಕಾದ್ದರಿಂದ ಗ್ಯಾಸ್ಟ್ರಿಕ್ ಮಾತ್ರೆಗಳು ಅದರ ಹೀರಿಕೆಯನ್ನು ತಗ್ಗಿಸುತ್ತವೆ. ಎರಡನ್ನೂ ನುಂಗುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ಬೇರೆ ಪಾಲಿಮರ್ ಬಳಸಿ ಹೀರಿಕೆ ಹೆಚ್ಚಿಸಿದ, ಕಡಿಮೆ ಮಿಲಿಗ್ರಾಂನ ಇಟ್ರಾಕೊನಜೋಲ್ ರೂಪಗಳೂ ಬಂದಿವೆ. ಮಿಲಿಗ್ರಾಂ ನೋಡಿ ಒಂದರ ಬದಲು ಇನ್ನೊಂದನ್ನು ಅಂಗಡಿಯಲ್ಲಿ ಬದಲಾಯಿಸಿಕೊಳ್ಳಬಾರದು. ಮಾತ್ರೆಯಲ್ಲಿ ಎಷ್ಟಿದೆ ಎಂಬುದಕ್ಕಿಂತ ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದೇ ಇಲ್ಲಿ ಅಳತೆ.

ಬಿಸಿಲು, ದ್ರಾವಕ, ನಿಯಮ

ನಮ್ಮ ಭಾಗದಲ್ಲಿ ಇಂಥ ಔಷಧಿ ಬಳಸಬೇಕಾದರೆ ಮೂರು ಸಂಗತಿಗಳನ್ನು ಮರೆಯುವಂತಿಲ್ಲ.

ಮೊದಲನೆಯದು ಬಿಸಿಲು. ಸಾಮಾನ್ಯವಾಗಿ ಬಳಸುವ ಪಿಎಲ್‌ಜಿಎ 45ರಿಂದ 50 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ತೇವ ತಾಗಿದರೆ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲೇ ಮೆತ್ತಗಾಗುತ್ತದೆ. ಭೀಮಾ ತೀರದ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ವಾಡಿಕೆ. ತಗಡಿನ ಗೋದಾಮಿನಲ್ಲೋ ನಿಂತ ಜೀಪಿನಲ್ಲೋ ಅದಕ್ಕೂ ಹೆಚ್ಚು. ಕಣಗಳು ಮೆತ್ತಗಾಗಿ ಅಂಟಿಕೊಂಡರೆ ಮತ್ತೆ ಬಿಡಿಸಲಾಗದು. ಲಸಿಕೆಗೆ ಇರುವಂಥ ಶೀತಲ ಸರಪಳಿ ಇಲ್ಲವೇ ಬಿಸಿಲು ತಡೆಯುವ ಬೇರೆ ಪಾಲಿಮರ್ ಬೇಕು.

ಎರಡನೆಯದು ದ್ರಾವಕ. ಕೆಲವು ವಿಧಾನಗಳಲ್ಲಿ ಡೈಕ್ಲೋರೊಮೀಥೇನ್, ಕ್ಲೋರೊಫಾರ್ಮ್‌ನಂಥ ವಿಷಕಾರಿ ದ್ರಾವಕಗಳು ಬೇಕಾಗುತ್ತವೆ. ಔಷಧಿಯಲ್ಲಿ ಉಳಿಯಬಹುದಾದ ಡೈಕ್ಲೋರೊಮೀಥೇನ್‌ಗೆ ಅಂತರರಾಷ್ಟ್ರೀಯ ಮಿತಿ ಹತ್ತು ಲಕ್ಷಕ್ಕೆ 600 ಪಾಲು, ಕ್ಲೋರೊಫಾರ್ಮ್‌ಗೆ 60 ಪಾಲು, ಅಸಿಟೋನ್‌ಗೆ 5,000 ಪಾಲು. ಔಷಧಿಯೊಳಗಿನ ದ್ರಾವಕಕ್ಕೆ ಇಷ್ಟು ಕಟ್ಟುನಿಟ್ಟಾದ ಲೆಕ್ಕವಿದೆ. ಕಾರ್ಖಾನೆಯ ಹೊರಗಿನ ಗಾಳಿ, ನೀರಿಗೂ ಅಷ್ಟೇ ಕಾಳಜಿ ಬೇಕು. ಕಡೇಚೂರು ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗರು ರಾಸಾಯನಿಕ ಮತ್ತು ಔಷಧಿ ಘಟಕಗಳ ದುರ್ವಾಸನೆ, ತ್ಯಾಜ್ಯದ ಬಗ್ಗೆ ದನಿ ಎತ್ತಿದ್ದಾರೆ. ರೋಗ ಗುಣಪಡಿಸುವ ಕಣ ಊರಿನ ಬಾವಿಯನ್ನು ಕೆಡಿಸಿ ಹುಟ್ಟಬಾರದು. ನೀರು ಮತ್ತು ಉಪ್ಪಿನಂಥ ಪದಾರ್ಥಗಳಲ್ಲೇ ಕೈಟೊಸಾನ್, ಆಲ್ಜಿನೇಟ್ ಕಣ ಮಾಡುವ ವಿಧಾನಗಳು ಈ ದೃಷ್ಟಿಯಿಂದಲೂ ಬೆಲೆಯುಳ್ಳವು.

ಮೂರನೆಯದು ನಿಯಮ. ಭಾರತ ಸರ್ಕಾರ 2019ರಲ್ಲಿ ನ್ಯಾನೊ ಔಷಧಿಗಳ ಮೌಲ್ಯಮಾಪನಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಹಳೆಯ ಔಷಧಿಯೇ ಆದರೂ ನ್ಯಾನೊ ರೂಪಕ್ಕೆ ಬಂದರೆ ಅದು ದೇಹದಲ್ಲಿ ಹರಡುವ ರೀತಿ, ವಿಷಗುಣ ಎಲ್ಲವನ್ನೂ ಹೊಸದಾಗಿ ತೋರಿಸಬೇಕು. ‘ನ್ಯಾನೊ’ ಎಂದು ದೊಡ್ಡಕ್ಷರದಲ್ಲಿ ಬರೆದು ಮಾರುವ ಅರಿಸಿನದ ಪುಡಿ, ಶಕ್ತಿವರ್ಧಕಗಳು ಈ ಪರೀಕ್ಷೆ ಹಾಯ್ದು ಬಂದಿವೆ ಎಂದು ಭಾವಿಸಬೇಡಿ.

ಇಂದು ಮಾಡಬಹುದಾದದ್ದು

ಸಾಮೂಹಿಕ ಔಷಧಿ ಸೇವನೆಯ ದಿನ ಊಟ ಮಾಡಿ ಮಾತ್ರೆ ತೆಗೆದುಕೊಳ್ಳಿ, ಕಾರ್ಯಕರ್ತೆಯ ಎದುರಿಗೇ ತೆಗೆದುಕೊಳ್ಳಿ. ಅಲ್ಬೆಂಡಜೋಲನ್ನು ಅಗಿದು ನುಂಗಿ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯಲ್ಲಿರುವವರು ತೆಗೆದುಕೊಳ್ಳಬಾರದು. ಐದು ವರ್ಷದೊಳಗಿನ ಮಕ್ಕಳಿಗೆ ಐವರ್ಮೆಕ್ಟಿನ್ ಇಲ್ಲ. ಕಾಲು ಊದಿಲ್ಲ, ನನಗೇಕೆ ಎಂದು ಕೇಳುವವರಿಗೆ ಹೇಳಿ: ಊತ ಕಾಣುವ ವರ್ಷಗಳ ಮೊದಲೇ ರಕ್ತದಲ್ಲಿ ಮರಿಗಳಿರಬಹುದು, ಸೊಳ್ಳೆ ಅವನ್ನು ಪಕ್ಕದ ಮನೆಗೆ ಒಯ್ಯಬಹುದು. ಬೇರೆ ಯಾವ ಔಷಧಿ ಕೊಂಡಾಗಲೂ ಊಟದ ಮೊದಲೋ ನಂತರವೋ ಎಂದು ಕೇಳಿ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಮಾಡಿ ಕೊಡುವ ಮೊದಲು ಹಾಗೆ ಮಾಡಬಹುದೇ ಎಂದು ವಿಚಾರಿಸಿ.

ಕಲಬುರಗಿ, ರಾಯಚೂರು, ಯಾದಗಿರಿಯ ಔಷಧ ವಿಜ್ಞಾನದ ವಿದ್ಯಾರ್ಥಿಗಳಿಗೂ ಒಂದು ಮಾತು. ಪ್ರಬಂಧಕ್ಕೆ ಯಾವ ಔಷಧಿ ಆರಿಸಿಕೊಳ್ಳಲಿ ಎಂದು ಹುಡುಕುವಾಗ ದೂರ ನೋಡಬೇಕಿಲ್ಲ. 42 ಡಿಗ್ರಿಯ ಬಿಸಿಲಿನಲ್ಲಿ ಕೆಡದ, ಹಸಿದ ಹೊಟ್ಟೆಯಲ್ಲೂ ಹೀರಿಕೆಯಾಗುವ, ಒಂದೆರಡು ರೂಪಾಯಿಯಲ್ಲಿ ಕೈಗೆ ಸಿಗುವ ಐವರ್ಮೆಕ್ಟಿನ್ ಕಣ ಹೇಗಿರಬೇಕು ಎಂಬ ಪ್ರಶ್ನೆ ನಿಮ್ಮದೇ ಜಿಲ್ಲೆಯದು. ಮೂರು ಔಷಧಿಗಳು ಒಟ್ಟಿಗೆ ಕೆಲಸ ಮಾಡುತ್ತವೆ ಎಂದು ತೋರಿಸಿಕೊಡಲು ಯಾದಗಿರಿಯ ಜನ ತಮ್ಮ ರಕ್ತ ಕೊಟ್ಟಿದ್ದಾರೆ. ಆ ಔಷಧಿಗಳನ್ನು ಪೂರ್ತಿಯಾಗಿ ಅವರ ಮೈಗೆ ತಲುಪಿಸುವ ಕೆಲಸ ನಮ್ಮ ಪ್ರಯೋಗಾಲಯಗಳ ಪಾಲಿಗೆ ಬಾಕಿ ಇದೆ.